ಪೂಜೆಗೆ ಎಬ್ಬಿಸಿದ ಯಂತ್ರ

ಅರಕಲಗೂಡು ಡಿಪೋದ ಗುಮಾಸ್ತೆ ಪುಟ್ಟತಾಯಮ್ಮನನ್ನು ಕೆಲಸದಿಂದ ತೆಗೆದರು. ಕಾರಣ ಕೇಳಿ ಕಳಿಸಿದ ನೋಟಿಸಿಗೆ ಆಕೆ ಉತ್ತರ ಕೊಡಲಿಲ್ಲ ಎಂದು ಆದೇಶದಲ್ಲಿ ಬರೆದಿತ್ತು. ನೋಟಿಸು ಆಕೆಗೆ ಸಿಕ್ಕಿರಲಿಲ್ಲ.

ಆದೇಶ ಮಾತ್ರ ಸಿಕ್ಕಿತು. ಅದನ್ನು ಮೇಲ್‌ನಲ್ಲಿ ಕಳಿಸಲಿಲ್ಲ. ಹಾಸನದ ಹೆಡ್ಡಾಫೀಸಿನಿಂದ ಜೀಪಿನಲ್ಲಿ ಬಂದು, ಕೈಗೆ ಕೊಟ್ಟು, ಗೋದಾಮಿನ ಬೀಗದ ಕೈ ಇಸಿದುಕೊಂಡು ಹೋದರು.

ಆ ಬೀಗದ ಕೈಯೇ ಜಗಳದ ಮೂಲ. ಬಿತ್ತನೆ ಆಲೂಗಡ್ಡೆ ಮಾರುವ ಈ ಸಹಕಾರ ಸಂಘಕ್ಕೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಡಿಪೋಗಳಿವೆ. ಮೇ ತಿಂಗಳಲ್ಲಿ ಬಂದ ಲೋಡಿನಲ್ಲಿ ಗೆಡ್ಡೆ ಒಳಗೇ ಕೊಳೆತಿತ್ತು. ಉಳಿದ ಡಿಪೋದವರು ಮೂಗು ಮುಚ್ಚಿಕೊಂಡು ಮಾರಿದರು. ಪುಟ್ಟತಾಯಮ್ಮ ಮೂಟೆ ಬಿಚ್ಚಿ, ಗೆಡ್ಡೆ ಕುಯ್ದು, ಒಳಗಿನ ಕಪ್ಪು ನೋಡಿ ಗೋದಾಮಿಗೆ ಬೀಗ ಜಡಿದಳು. ಸಾಲಿನಲ್ಲಿ ನಿಂತಿದ್ದ ರೈತರಿಗೆ, "ಓಗ್ರಪ್ಪಾ, ಇದ್ನ ಬಿತ್ತೋ ಬದ್ಲು ತಿಪ್ಪೆಗ್ ಸುರೀರಿ, ಗೊಬ್ರನಾದ್ರೂ ಆಯ್ತದೆ" ಎಂದು ಹೇಳಿ ಕಳಿಸಿದಳು. ಸಂಘದ ಮಾಲನ್ನು ಸಂಘದ ಬಾಗಿಲಲ್ಲೇ ಬಯ್ದದ್ದು ಅಪರಾಧವಾಯಿತು.

ಆಕೆ ಹಾಸನಕ್ಕೆ ಬಂದಾಗ ಜನರಲ್ ಮ್ಯಾನೇಜರ್ ಕೋಣೆಗೆ ಹೋಗಲಿಲ್ಲ. ಮೆಟ್ಟಿಲ ಕೆಳಗಿನ ಕಿರುಕೋಣೆಗೆ ಬಂದಳು. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶ್ರೀಗೌರಿ ಅಲ್ಲಿ ಕೂರುತ್ತಿದ್ದಳು.

"ಬಂದೇ ಇಲ್ಲ ಕಣವ್ವಾ," ಎಂದಳು ಪುಟ್ಟತಾಯಮ್ಮ, ನಿಂತೇ. "ದಿನಾ ಬೆಳಿಗ್ಗೆ ಮೇಲು ತಗ್ದು ನೋಡ್ತೀನಿ. ಒಂದ್ ಸುತ್ತೋಲೆ ಬಂದ್ರೆ ಇನ್ನೊಂದು ಬರಕಿಲ್ಲ. ನಿಮ್ ಸಾಹೇಬ್ರ ಹಬ್ಬದ ಶುಭಾಶಯ ಮಾತ್ರ ಬತ್ತದೆ. ನೋಟೀಸು ಬಂದಿದ್ರೆ ಸುಮ್ಕಿರ್ತಿದ್ನಾ? ಹತ್ತು ಹಾಳೆ ಬರ್ದು ಬಿಸಾಕ್ತಿದ್ದೆ."

"ಇಲ್ಲಿ ತಲುಪಿದೆ ಅಂತ ತೋರಿಸ್ತಿದೆ ಅಮ್ಮಾ."

"ಯಾರಿಗ್ ತಲುಪ್ತು? ನಿನ್ ಕಂಪೂಟ್ರಿಗಾ?"

ಗೊತ್ತಿಲ್ಲದ್ದನ್ನು ಶ್ರೀಗೌರಿ ತಡೆಯಲಾರಳು. ಕಾಲಲ್ಲಿ ಮುಳ್ಳು ಮುರಿದಂತೆ ಆಗುತ್ತದೆ.

ಇನ್ನು ಹತ್ತು ದಿನಕ್ಕೆ, ಒಂದು ಸೋಮವಾರ, ಮೇಲ್ಮನವಿ ಸಮಿತಿ ಕೂರಲಿತ್ತು. ಅಲ್ಲಿ ಪುಟ್ಟತಾಯಮ್ಮ ಹೇಳಬಹುದಾದದ್ದು 'ಬಂದಿಲ್ಲ' ಎಂಬ ಒಂದೇ ಮಾತು. ಸಂಘ ಹೇಳುವುದೂ 'ತಲುಪಿದೆ' ಎಂಬ ಒಂದೇ ಮಾತು. ಒಬ್ಬ ಗುಮಾಸ್ತೆಯ ಮಾತಿಗೂ ಒಂದು ಯಂತ್ರದ ಮಾತಿಗೂ ಜಗಳವಾದರೆ ಸಮಿತಿ ಯಾರ ಕಡೆ ವಾಲುತ್ತದೆ ಎಂದು ಹೇಳಬೇಕಾಗಿಲ್ಲ.

ಸಂಘದ ಮೇಲ್ ವ್ಯವಸ್ಥೆ ಇಪ್ಪತ್ತು ವರ್ಷಕ್ಕಿಂತ ಹಳೆಯದು. ಹೊಸದಕ್ಕೆ ದುಡ್ಡಿಲ್ಲ ಎನ್ನುವ ಆಡಳಿತ ಮಂಡಳಿಗೆ ಪ್ರತಿ ಅವಧಿಗೂ ಹೊಸ ಕಾರಿಗೆ ದುಡ್ಡಿತ್ತು. ಡಿಪೋ ಡಿಪೋಗೂ ಒಂದೊಂದು ಸರ್ವರ್. ಅದು ಆ ಊರಿನ ಅಂಚೆ ಕಚೇರಿ ಇದ್ದ ಹಾಗೆ. ಯಾರು ಯಾವ ಊರಿನಲ್ಲಿ ಕೆಲಸ ಮಾಡುತ್ತಾರೆ ಎಂದು ಎಲ್ಲ ಅಂಚೆ ಕಚೇರಿಗೂ ಗೊತ್ತಿರಬೇಕಲ್ಲ, ಅದಕ್ಕೆ ಬೇರೆಯೇ ಒಂದು ಯಂತ್ರ ಶ್ರೀಗೌರಿಯ ಮೇಜಿನ ಪಕ್ಕದಲ್ಲಿತ್ತು. ಅದು ರಾತ್ರಿ ಎಲ್ಲರ ಹೆಸರು ವಿಳಾಸ ಕಲೆಹಾಕಿ, ಒಂದೇ ಪಟ್ಟಿ ಮಾಡಿ, ಎಲ್ಲ ಊರಿಗೂ ಹಂಚುತ್ತದೆ. ಊರಿನ ಸರ್ವರುಗಳು ಕೊಟ್ಟದ್ದನ್ನು ನಂಬುತ್ತವೆ, ಎದುರು ಮಾತಾಡುವುದಿಲ್ಲ. ಆದ್ದರಿಂದ ಹಂಚುವ ಯಂತ್ರ ಒಂದೇ ಇರಬೇಕು.

ಡಿಪೋದವರ ನಿತ್ಯದ ಮಾತೆಲ್ಲ ಫೋನಿನಲ್ಲಿ, ವಾಟ್ಸಾಪಿನಲ್ಲಿ. ಮೇಲ್ ಬರುವುದು ಆದೇಶಕ್ಕೆ, ನೋಟಿಸಿಗೆ. ಅಂದರೆ ಹೆದರಿಸಲು. ಹೀಗಾಗಿ ಅದು ಸರಿಯಾಗಿ ಬರುತ್ತಿದೆಯೇ ಎಂದು ಯಾರೂ ಕಾತರದಿಂದ ಕಾದು ನೋಡಿರಲಿಲ್ಲ.

ಶ್ರೀಗೌರಿ ಪಟ್ಟಿ ತೆರೆದಳು. ಪುಟ್ಟತಾಯಮ್ಮ, ಹೊಳೆನರಸೀಪುರ ಡಿಪೋ.

"ನೀವು ಹೊಳೆನರಸೀಪುರದಲ್ಲಿದ್ರಾ?"

"ಇದ್ದೆ. ಅರಕಲಗೂಡಿಗೆ ಎತ್ತಾಕಿ ಮೂರ್ ವರ್ಸಾಯ್ತಲ್ಲ."

ಮೂರು ವರ್ಷದ ಹಿಂದೆ ತಾನೇ ಈ ಹೆಸರನ್ನು ಅರಕಲಗೂಡಿಗೆ ಬದಲಿಸಿದ್ದು ಶ್ರೀಗೌರಿಗೆ ನೆನಪಿತ್ತು. ಮತ್ತೆ ತಿದ್ದಿದಳು. ಇನ್ನಷ್ಟು ಕೆಳಗೆ ತಿಮ್ಮಪ್ಪನ ಹೆಸರು ಕಂಡು ಬೆರಳು ನಿಂತಿತು. ತಿಮ್ಮಪ್ಪ ಹಾಸನ ಗೋದಾಮಿನ ಕಾವಲುಗಾರ. ತೀರಿಕೊಂಡು ಎರಡು ವರ್ಷ. ಅವನ ಹೆಸರನ್ನು ತೆಗೆದವಳೂ ಅವಳೇ. ಅದನ್ನೂ ಮತ್ತೆ ಅಳಿಸಿದಳು.

ಮಾರನೇ ಬೆಳಿಗ್ಗೆ ಬಂದು ನೋಡಿದರೆ ಪುಟ್ಟತಾಯಮ್ಮ ಹೊಳೆನರಸೀಪುರಕ್ಕೆ ವಾಪಸು ಹೋಗಿದ್ದಳು. ತಿಮ್ಮಪ್ಪ ಎದ್ದು ಬಂದಿದ್ದ.

ತಿದ್ದಿದಳು. ಮರುದಿನ ಸರಿಯಿತ್ತು. ಅದರ ಮರುದಿನ ಮತ್ತೆ ತಪ್ಪು. ಶ್ರೀಗೌರಿ ಕುರ್ಚಿಯಲ್ಲಿ ಕೂರದಾದಳು. ಊಟದ ಡಬ್ಬಿ ಬಿಚ್ಚುವಳು, ಎರಡು ತುತ್ತು ತಿಂದು ಮುಚ್ಚುವಳು. ರಸ್ತೆಯ ತುದಿಯವರೆಗೆ ಹೋಗಿ ಕಾರಣವಿಲ್ಲದೆ ತಿರುಗಿ ಬರುವಳು. ಸದಾ ಕೆಟ್ಟಿರುವ ಯಂತ್ರವನ್ನು ಹಿಡಿಯಬಹುದು. ಒಂದು ದಿನ ಸರಿ ಒಂದು ದಿನ ತಪ್ಪು ಎನ್ನುವುದನ್ನು ಹೇಗೆ ಹಿಡಿಯುವುದು?

ಮೊದಲು ನೋಟಿಸು ಎಲ್ಲಿ ಬಿದ್ದಿದೆ ಎಂದು ಕಣ್ಣಾರೆ ನೋಡಬೇಕೆನಿಸಿ ಹೊಳೆನರಸೀಪುರದ ಬಸ್ಸು ಹತ್ತಿದಳು. ಅದು ಅವಳ ಹುಟ್ಟೂರು. ಕೋಟೆ ಬೀದಿಯಲ್ಲಿ ಮನೆ, ದೇವಸ್ಥಾನದ ಕೆಲಸದ ಮನೆತನ. ಆ ದಿನ ಮನೆಗೂ ಹೋಗಲಿಲ್ಲ. ಡಿಪೋದ ಗುಮಾಸ್ತ ಕಾಂತರಾಜು ಬಾಗಿಲಲ್ಲೇ ಸಿಕ್ಕಿದ.

"ಏನ್ ಮೇಡಂ, ನಮ್ ಕಡೆ ಗಾಳಿ ಬೀಸ್ತು? ಇಲ್ಲೂ ಯಾರನ್ನಾದ್ರೂ ಎತ್ತಂಗಡಿ ಮಾಡ್ಬೇಕಾ?"

"ಪುಟ್ಟತಾಯಮ್ಮನ ಹಳೇ ಮೇಲ್‌ಬಾಕ್ಸು ಇನ್ನೂ ಇದೆಯಾ ನೋಡ್ಬೇಕು ಕಾಂತರಾಜು."

"ಇರದೆ ಎಲ್ಲೋಯ್ತದೆ? ಆಯಮ್ಮನ ಕುರ್ಚಿ ಮೇಲೆ ನಾನ್ ಕೂತೆ, ಕೊಡೆ ಮರ್ತ್ ಹೋಗಿದ್ರು, ಅದ್ನ ನನ್ ಹೆಂಡ್ತಿ ತಗಂಡ್ಳು. ಬಾಕ್ಸ್ ತಗಂಡು ಯಾರೇನ್ ಮಾಡಾರು?"

ವರ್ಗವಾದವರ ಹಳೆಯ ಬಾಕ್ಸು ಅಳಿಸಬೇಕು. ಈ ಸಂಘದಲ್ಲಿ ಯಾರೂ ಯಾವುದನ್ನೂ ಬಿಸಾಡುವುದಿಲ್ಲ. ಆಲೂಗಡ್ಡೆ ಖರ್ಚಾದರೆ ಗೋಣಿಚೀಲ ಮಡಿಸಿಡುತ್ತಾರೆ, ತಕ್ಕಡಿ ಮುರಿದರೆ ತಟ್ಟೆ ಎತ್ತಿಡುತ್ತಾರೆ. ಬಾಕ್ಸೂ ಹಾಗೇ ಇತ್ತು. ಶ್ರೀಗೌರಿ ಅದನ್ನು ತೆರೆದಳು. ಯಾರೂ ಓದದ ಕಾಗದಗಳ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಪುಟ್ಟತಾಯಮ್ಮನ ನೋಟಿಸು ಬಿದ್ದಿತ್ತು.

ಕಾಂತರಾಜು ಬಗ್ಗಿ ನೋಡಿ ನಗುವುದನ್ನು ನಿಲ್ಲಿಸಿದ. "ಅಲ್ಲಾ ಮೇಡಂ, ಇದು ನನ್ ಬೆನ್ ಹಿಂದೇನೇ ಇತ್ತಲ್ಲ."

ಹಾಸನಕ್ಕೆ ಬಂದವಳೇ ಜನರಲ್ ಮ್ಯಾನೇಜರ್ ವರದರಾಜನ ಕೋಣೆಗೆ ಹೋದಳು. ವರದರಾಜ ಸಭ್ಯ ಮನುಷ್ಯ, ದನಿ ಏರಿಸದವನು. ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿದ.

"ಎರಡು ಬಾಕ್ಸ್ ಇದ್ರೆ ಎರಡನ್ನೂ ನೋಡ್ಕೋಬೇಕಿತ್ತು ಅವ್ರು."

"ಹಳೇದನ್ನ ಅವ್ರು ತೆಗೆಯೋಕಾಗಲ್ಲ ಸರ್. ಅದು ಬೇರೆ ಊರಿನ ಸರ್ವರ್."

"ನೋಡಿ ಶ್ರೀಗೌರಿ, ನೀವು ಮಿಷಿನ್ ಸರಿ ಮಾಡಿ. ಮನುಷ್ಯರನ್ನ ನಾನ್ ನೋಡ್ಕೋತೀನಿ."

ಮಿಷಿನ್ ಸರಿ ಮಾಡಲು ಅವಳಿಗೆ ಹೊಳೆದದ್ದು ಸುಲಭದ ಉಪಾಯ. ಸಂಜೆ ತನ್ನ ಹಂಚುವ ಯಂತ್ರದ ಬಾಯಿ ಮುಚ್ಚಿಸಿದಳು. ಆ ರಾತ್ರಿ ಅದು ಯಾವ ಊರಿಗೂ ಏನನ್ನೂ ಹೇಳುವುದಿಲ್ಲ. ಹಾಗಿದ್ದರೆ ಬೆಳಿಗ್ಗೆ ಯಾವ ಊರಿಗೂ ಹೊಸ ಪಟ್ಟಿ ಬರಬಾರದು.

ಬೆಳಿಗ್ಗೆ ಎಲ್ಲ ಊರಿಗೂ ಪಟ್ಟಿ ಬಂದಿತ್ತು. ತಿಮ್ಮಪ್ಪನೂ ಬಂದಿದ್ದ.

ಅಂದರೆ ಇನ್ನೊಂದು ಯಂತ್ರ ಎಲ್ಲೋ ಕೂತು ಹಂಚುತ್ತಿದೆ. ಇದರದೇ ಹೆಸರು ಇಟ್ಟುಕೊಂಡು, ಇದರದೇ ಅಧಿಕಾರದಿಂದ, ಹಳೆಯ ಪಟ್ಟಿಯನ್ನು. ಯಾವುದು ಕೊನೆಗೆ ಮಾತಾಡಿತೋ ಅದೇ ಆ ದಿನದ ಸತ್ಯ. ಹೆಸರು ಒಂದೇ ಆದ್ದರಿಂದ ಎಲ್ಲಿಂದ ಬಂತು ಎಂದು ಕೇಳಿದರೆ ಊರಿನ ಸರ್ವರುಗಳು ಹಾಸನದಿಂದ ಎಂದೇ ಹೇಳುತ್ತಿದ್ದವು.

ಅವಳು ತನ್ನ ಯಂತ್ರದ ಬಾಯಿ ಮುಚ್ಚಿಸಿಯೇ ಇಟ್ಟು ಡಿಪೋಗಳಿಗೆ ಫೋನು ಮಾಡಿ ಬೇಡಿಕೊಂಡಳು. ಸಂಜೆ ಬಾಗಿಲು ಹಾಕುವಾಗ ಲೈನಿನ ವೈರು ಬಿಡಿಸಿ ಹೋಗಿ, ಬೆಳಿಗ್ಗೆ ಚುಚ್ಚಿ. ದಿನಕ್ಕೊಂದು ಊರು. ಅರಕಲಗೂಡು ಬಿಡಿಸಿದ ರಾತ್ರಿ ಉಳಿದ ಊರಿಗೆ ಪಟ್ಟಿ ಬಂತು. ಹೊಳೆನರಸೀಪುರ ಬಿಡಿಸಿದಾಗಲೂ ಬಂತು. ನಡುವೆ ಪುಟ್ಟತಾಯಮ್ಮನ ಫೋನು ಬರುತ್ತಿತ್ತು.

"ಸಿಕ್ತಾ ಕಳ್ಳ?"

"ಇನ್ನೂ ಇಲ್ಲ ಅಮ್ಮಾ."

"ಬೇಗ ಹಿಡಿ ಕಣವ್ವಾ. ಮನೇಲಿ ಕೂತು ಕೂತು ಗ್ವಾಡೆ ಜತೆ ಜಗಳ ಆಡ್ತಿವ್ನಿ."

ಚನ್ನರಾಯಪಟ್ಟಣ ಬಿಡಿಸಿದ ಮರುದಿನ ಬೆಳಿಗ್ಗೆ ಯಾವ ಊರಿಗೂ ಪಟ್ಟಿ ಬರಲಿಲ್ಲ. ತಿಮ್ಮಪ್ಪ ಏಳಲಿಲ್ಲ.

ಅದು ಶುಕ್ರವಾರ. ಶ್ರೀಗೌರಿ ಕೈಚೀಲವನ್ನೂ ಮರೆತು ಬಸ್‌ಸ್ಟ್ಯಾಂಡಿಗೆ ಓಡಿದಳು.

ಚನ್ನರಾಯಪಟ್ಟಣ ಡಿಪೋದ ಮ್ಯಾನೇಜರ್ ಷಡಕ್ಷರಿ ಹಣೆ ತುಂಬ ವಿಭೂತಿ ಇಡುವ, ಬಂದವರಿಗೆ ಕಾಫಿ ಕೊಡದೆ ಮಾತಾಡದ ಮನುಷ್ಯ. "ಕುಡೀರಿ ಮೇಡಮ್ನೋರೆ, ಆಮೇಲ್ ನಿಮ್ ವೈರು ಗೀರು," ಎಂದ.

"ನಿಮ್ಮಲ್ಲಿ ಹಳೇ ಕಂಪ್ಯೂಟರ್ ಯಾವ್ದಾದ್ರೂ ಓಡ್ತಿದೆಯಾ ಷಡಕ್ಷರಿಯವ್ರೆ? ಹಾಸನದಿಂದ ಬಂದಿದ್ದು?"

"ಹಳೇದಾ? ಸ್ಟೋರಲ್ಲಿ ಒಂದೈತೆ. ನೀವೇ ಕಳ್ಸಿದ್ರಲ್ಲ, ಅಲ್ಲಿ ಜಾಗ ಇಲ್ಲ ಅಂತ. ಬನ್ನಿ ತೋರುಸ್ತೀನಿ. ನೋಡಿದ್ರೆ ಕುಸಿಯಾಯ್ತೀರಿ."

ಸ್ಟೋರಿನ ಬಾಗಿಲು ತೆಗೆದಾಗ ಹಳೆಯ ಗೋಣಿಯ ವಾಸನೆ ಮುಖಕ್ಕೆ ಹೊಡೆಯಿತು. ಮಡಿಸಿಟ್ಟ ಚೀಲಗಳ ಆಚೆ, ಹಲಗೆಯ ಮೇಲೆ, ಗುರ್ ಎನ್ನುತ್ತ ಕೂತಿತ್ತು. ಮೈಗೆ ಮೂರು ಗೆರೆ ವಿಭೂತಿ. ನಡುವೆ ಕುಂಕುಮ. ಒಣಗಿ ಹೊಟ್ಟಾದ ಚೆಂಡುಹೂವಿನ ಹಾರ. ಶ್ರೀಗೌರಿ ಬರುವ ಮೊದಲು ಹಾಸನದಲ್ಲಿ ಹೆಸರು ಹಂಚುತ್ತಿದ್ದ ಯಂತ್ರ. ಅದಕ್ಕೆ ವಯಸ್ಸಾಯಿತೆಂದು ಹೊಸದನ್ನು ತಂದು, ಅದರ ಹೆಸರನ್ನೇ ಹೊಸದಕ್ಕೆ ಇಟ್ಟಿದ್ದರು. ಒಳಗಿನ ಪಟ್ಟಿಯನ್ನು ಯಾರೂ ಅಳಿಸಿರಲಿಲ್ಲ.

"ಇದನ್ನ ಯಾರು ಆನ್ ಮಾಡಿದ್ದು?"

"ನಾನೇ, ಹೋದ್ ಆಯುಧಪೂಜೆ ದಿನ," ಎಂದ ಷಡಕ್ಷರಿ, ಹೆಮ್ಮೆಯಿಂದ. "ಎಲ್ಲಾನೂ ತೊಳ್ದು ಒರ್ಸಿ ಸಾಲಾಗಿಟ್ವಿ. ತಕ್ಕಡಿ, ಟ್ರಾಲಿ, ಹುಡುಗ್ರ ಬೈಕು. ಪೂಜೆ ಟೈಮಲ್ಲಿ ಎಲ್ಲಾ ನಡೀತಿರ್ಬೇಕಲ್ವಾ? ಬೈಕ್ ಸ್ಟಾರ್ಟ್ ಮಾಡಿ ನಿಲ್ಸಿದ್ವಿ. ತಕ್ಕಡಿ ಮೇಲೆ ತೂಕ ಇಟ್ವಿ. ಇದೊಂದು ಹೆಣದಂಗೆ ಬಿದ್ದಿತ್ತು. ಹೆಣಕ್ಕೆ ಹೆಂಗ್ ಮಂಗಳಾರತಿ ಎತ್ತಾನ? ಪ್ಲಗ್ ಚುಚ್ದೆ. ಗ್ವಾಡೇಲಿ ಒಂದ್ ನೆಟ್ ವೈರು ನೇತಾಡ್ತಿತ್ತು, ಅದುನ್ನೂ ಚುಚ್ದೆ. ಗುರ್ ಅಂತು ನೋಡಿ! ನನ್ ಕಣ್ಣಲ್ ನೀರ್ ಬಂದ್ಬುಡ್ತು."

"ಆಮೇಲೆ ಆರಿಸಲಿಲ್ವಾ?"

"ಪೂಜೆ ಮಾಡಿದ್ ಕೈಯಲ್ಲೇ ಆರ್ಸಕ್ಕೆ ಮನ್ಸ್ ಬರ್ಲಿಲ್ಲ ಮೇಡಂ. ಇರ್ಲಿ, ಅದ್ರ ಪಾಡಿಗ್ ಅದು ಅಂತ ಬುಟ್ಟೆ."

ಶ್ರೀಗೌರಿಗೆ ನಗು ಬಂತು. ತಡೆಯಲಾಗದೆ ನಕ್ಕಳು. ಷಡಕ್ಷರಿಯೂ ಜೊತೆಗೆ ನಕ್ಕ, ಯಾಕೆಂದು ತಿಳಿಯದೆ. ಆಮೇಲೆ ಅವಳು ಹೇಳಿದಳು: ಕಳೆದ ದಸರಾದಿಂದ ಈ ಯಂತ್ರ ರಾತ್ರಿ ಎದ್ದು ಸತ್ತವರನ್ನು ಎಬ್ಬಿಸುತ್ತಿದೆ, ವರ್ಗವಾದವರನ್ನು ಹಳೆಯ ಊರಿಗೆ ಕಳಿಸುತ್ತಿದೆ, ಪುಟ್ಟತಾಯಮ್ಮನ ನೋಟಿಸು ಹೋದದ್ದೂ ಹಾಗೇ.

ಷಡಕ್ಷರಿಯ ಮುಖ ವಿಭೂತಿಯಷ್ಟೇ ಬಿಳುಪಾಯಿತು. "ಆಯಮ್ಮನ್ ಕೆಲ್ಸ ಓಗಿದ್ದು... ನನ್ನಿಂದಾನಾ?"

"ನೋಟಿಸ್ ತಪ್ಪಿದ್ದು ಇದ್ರಿಂದ. ಕೆಲಸ ತೆಗೆದಿದ್ದು ಇದಲ್ಲ."

"ಮೇಡಂ, ನಿಮ್ ಕಾಲ್ ಇಡ್ಕತೀನಿ, ಈಗ್ಲೇ ಆರ್ಸ್ಬುಡಿ. ನನ್ ರಿಟೈರ್‌ಮೆಂಟು ಹತ್ರ ಬಂದೈತೆ. ಯಾರಿಗೂ ಗೊತ್ತಾಗದ್ ಬ್ಯಾಡ."

ಅವಳ ಕೈ ಆಗಲೇ ಸ್ವಿಚ್ಚಿನ ಮೇಲಿತ್ತು. ಮಾಡಬೇಕಾದ ಕೆಲಸವೇ ಅದು. ಈ ಹಳೆಯದನ್ನು ಆರಿಸಬೇಕು, ಒಳಗಿನದನ್ನು ಅಳಿಸಬೇಕು, ತೊಂದರೆ ಮುಗಿಯಬೇಕು. ಆದರೆ ಮುಗಿದರೆ ಉಳಿಯುವುದೇನು? ಹಳೆಯ ಬಾಕ್ಸಿನಲ್ಲಿ ಬಿದ್ದ ನೋಟಿಸಿಗೆ ವರದರಾಜನ ಬಳಿ ಆಗಲೇ ಉತ್ತರವಿದೆ. ಹಾಸನದ ಯಂತ್ರದಲ್ಲಿ ವಿಳಾಸ ಅರಕಲಗೂಡು ಎಂದು ಚೊಕ್ಕವಾಗಿ ಇರುತ್ತದೆ. ಎಲ್ಲ ಸರಿಯಾಗಿರುವ ಯಂತ್ರದ ಎದುರು ನಿಂತು ಪುಟ್ಟತಾಯಮ್ಮ 'ಬಂದಿಲ್ಲ' ಎನ್ನಬೇಕು. ಇದು ಓಡುತ್ತಿದ್ದರೆ ಮಾತ್ರ ಸಮಿತಿಯವರ ಕಣ್ಣೆದುರಿಗೇ ಹೆಸರನ್ನು ತಿದ್ದಿ, ಇದಕ್ಕೆ ಒಮ್ಮೆ ಹಂಚಲು ಹೇಳಿ, ತಿದ್ದಿದ್ದು ಹೇಗೆ ಕೆಡುತ್ತದೆ ಎಂದು ತೋರಿಸಬಹುದು. ಈ ತಪ್ಪಿಗೆ ತಪ್ಪೇ ಸಾಕ್ಷಿ.

ಅವಳು ಕೈ ಹಿಂತೆಗೆದಳು. ಸೋಮವಾರದ ತನಕ ಇದನ್ನು ಹೀಗೇ ಬಿಡಲು ಒಪ್ಪಿಗೆ ಕೇಳಬೇಕೆಂದು ವರದರಾಜನಿಗೆ ಫೋನು ಮಾಡಿದಳು.

ಅವನು ಬೆಂಗಳೂರಿನ ಮೀಟಿಂಗಿಗೆ ಹೊರಟು ಶಾಂತಿಗ್ರಾಮ ದಾಟಿದ್ದ. ಬಿಸಿಲು ಬಾಗಿಲಿನಿಂದ ಒಂದು ಗೇಣು ಸರಿಯುವಷ್ಟರಲ್ಲಿ ಕಾರು ಡಿಪೋದ ಮುಂದೆ ನಿಂತಿತು. ಸ್ಟೋರಿಗೆ ಬಂದು, ಕುಂಕುಮ ಇಟ್ಟ ಯಂತ್ರವನ್ನು ನೋಡಿ, ತುಟಿಯಂಚಿನಲ್ಲಿ ನಕ್ಕ.

"ಭೇಷ್ ಶ್ರೀಗೌರಿ. ಕಂಡುಹಿಡಿದ್ರಿ. ಆಫ್ ಮಾಡಿ, ಒಳಗಿರೋದೆಲ್ಲ ಅಳಿಸಿ. ಹೊಳೆನರಸೀಪುರದ ಹಳೇ ಬಾಕ್ಸೂ ತೆಗೆದುಬಿಡಿ. ಮೇಲ್ ವ್ಯವಸ್ಥೆ ಸರಿಯಾಗಿದೆ ಅಂತ ಸೋಮವಾರ ಸಮಿತಿಗೆ ಹೇಳಿ. ಸುಳ್ಳೇನಲ್ಲವಲ್ಲ, ಅಷ್ಟೊತ್ತಿಗೆ ಸರಿಯಾಗಿರುತ್ತೆ."

"ನೋಟಿಸ್ ಕಳಿಸಿದ ದಿನ ಸರಿ ಇರಲಿಲ್ಲ ಸರ್."

"ಸೋಮವಾರ ಕೇಳೋದು ಸೋಮವಾರದ್ದು."

"ಸೋಮವಾರದ ತನಕ ಇದು ಓಡ್ತಿರಲಿ. ಸಮಿತಿಯವ್ರೇ ನೋಡಲಿ. ಆಮೇಲೆ ನಾನೇ ಆರಿಸ್ತೀನಿ."

ವರದರಾಜ ಮತ್ತೆ ಕನ್ನಡಕ ಒರೆಸಿದ. "ಆ ಹೆಂಗಸಿನ ಮೇಲಿನ ಆದೇಶ ಬಿದ್ದುಹೋದ್ರೆ ಬೀಜದ ವಿಷಯ ಮತ್ತೆ ಮೇಲೇಳುತ್ತೆ. ಯಾರು ಲೋಡ್ ತರಿಸಿದ್ರು, ಯಾರು ನೋಡಿ ಬಿಟ್ರು ಅಂತ ಹಳ್ಳಿ ಹಳ್ಳಿಯಿಂದ ಜನ ಬರ್ತಾರೆ. ಸಂಘ ಉಳಿಯುತ್ತಾ? ನಿಮ್ಮ ಕಾಂಟ್ರಾಕ್ಟು ಮುಂದಿನ ತಿಂಗಳು ರಿನ್ಯೂ ಆಗಬೇಕು. ಯೋಚನೆ ಮಾಡಿ."

ಯೋಚಿಸಲು ಅವಳು ನಿಲ್ಲಲಿಲ್ಲ. "ಮಾಡಿದೀನಿ ಸರ್. ನಾನು ಆರಿಸಲ್ಲ."

ಪ್ಲಗ್ಗು ವರದರಾಜನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವನು ಕೈ ಚಾಚಲಿಲ್ಲ. ಅಧಿಕಾರ ಕೆಲಸ ಮಾಡುವುದೇ ಹಾಗೆ. ಮಾತು ತನ್ನದಿರಬೇಕು, ಬೆರಳು ಇನ್ನೊಬ್ಬರದಿರಬೇಕು. ನಾಳೆ ಯಾರು ಆರಿಸಿದ್ದು ಎಂದು ಕೇಳಿದರೆ ಹೇಳಲು ಒಂದು ಹೆಸರು ಬೇಕು. ಅವನು ಬಾಗಿಲ ಬಳಿ ನಿಂತಿದ್ದವನ ಕಡೆ ತಿರುಗಿದ.

"ರೀ ಷಡಕ್ಷರಿ. ಆನ್ ಮಾಡಿದವ್ರು ನೀವು. ನೀವೇ ಆಫ್ ಮಾಡಿ. ನಿಮ್ಮ ವಿಷಯ ಎಲ್ಲೂ ಬರದ ಹಾಗೆ ನಾನು ನೋಡ್ಕೋತೀನಿ."

ಸ್ವಲ್ಪ ಹೊತ್ತಿನ ಹಿಂದೆ ಷಡಕ್ಷರಿ ಕೈಮುಗಿದು ಬೇಡಿದ್ದು ಇದನ್ನೇ. ಅವನು ಒಳಗೆ ಬಂದ. ಯಂತ್ರದ ಮುಂದೆ ನಿಂತ. ಒಣಗಿದ ಹಾರದಿಂದ ಉದುರಿದ ಹೂವಿನ ಹೊಟ್ಟನ್ನು ಅಂಗೈಯಿಂದ ಸವರಿ ತೆಗೆದ. ಶ್ರೀಗೌರಿ ಅಡ್ಡ ಬರಲು ಒಂದು ಹೆಜ್ಜೆ ಇಟ್ಟಳು, ನಿಂತಳು.

"ಆ ಲೋಡು ನಮ್ ಡಿಪೋಗೂ ಬಂದಿತ್ತು ಸಾ," ಎಂದ ಷಡಕ್ಷರಿ, ಯಂತ್ರವನ್ನೇ ನೋಡುತ್ತ.

"ಈಗ ಅದ್ಯಾಕೆ?"

"ಮೂಟೆ ಬಿಚ್ದಾಗ್ಲೇ ವಾಸ್ನೆ ಬಂತು. ಊದ್ಬತ್ತಿ ಹಚ್ಚಿಟ್ಟು ಮಾರ್ಬುಟ್ಟೆ. ಕಟ್ಟಾಯದ್ ನಮ್ ಷಡ್ಕನೇ ಹತ್ತು ಮೂಟೆ ತಗಂಡೋದ. ಹೊಲ್ದಲ್ಲಿ ಒಂದ್ ಮೊಳ್ಕೆ ಎದ್ದಿಲ್ಲ. ಇವತ್ತಿಗೂ ನನ್ ಜೊತೆ ಮಾತಾಡಲ್ಲ. ಆಯಮ್ಮ ಮಾರ್ಲಿಲ್ಲ ಸಾ."

"ಷಡಕ್ಷರಿ, ಆಫ್ ಮಾಡಿ."

ಷಡಕ್ಷರಿ ಪ್ಲಗ್ಗಿನ ಕಡೆ ಬಗ್ಗಿದ. ಸಡಿಲವಾಗಿದ್ದ ಅದನ್ನು ಹೆಬ್ಬೆರಳಿನಿಂದ ಗೋಡೆಗೆ ಒತ್ತಿ ಭದ್ರ ಮಾಡಿ ನೆಟ್ಟಗಾದ.

"ಆಗಕಿಲ್ಲ ಸಾ."